ಡಿಎಇ ಸಿಮ್ಯುಲೇಶನ್ ನಿಂತುಹೋದರೆ: ಸ್ಟೆಪ್ ಇಳಿಸುವ ಮೊದಲು ಏನು ನೋಡಬೇಕು

ಸಿಮ್ಯುಲೇಶನ್ ಅರ್ಧಕ್ಕೆ ನಿಂತು ‘ಟೈಮ್‌ಸ್ಟೆಪ್ ಟೂ ಸ್ಮಾಲ್’ ಅಂತ ಎರರ್ ಬಂದರೆ ಹೆಚ್ಚಿನವರ ಕೈ ನೇರವಾಗಿ ಟಾಲರೆನ್ಸ್ (ಒಪ್ಪಬಹುದಾದ ದೋಷದ ಮಿತಿ) ಕಡೆಗೆ ಹೋಗುತ್ತದೆ. ಒಂದು ಸೊನ್ನೆ ಸೇರಿಸುತ್ತಾರೆ, ಒಂದು ತೆಗೆಯುತ್ತಾರೆ, ಸ್ಟೆಪ್‌ನ, ಅಂದರೆ ಲೆಕ್ಕ ಒಂದು ಸಲಕ್ಕೆ ದಾಟುವ ಸಮಯದ ತುಣುಕಿನ, ಕನಿಷ್ಠ ಮಿತಿಯನ್ನು ಇನ್ನೂ ಇಳಿಸುತ್ತಾರೆ. ಮಾಮೂಲಿ ಅವಕಲ ಸಮೀಕರಣಗಳಲ್ಲಿ ಇದು ಎಷ್ಟೋ ಸಲ ಕೆಲಸ ಮಾಡುತ್ತದೆ. ಆದರೆ ಅವಕಲ ಸಮೀಕರಣಗಳ ಜೊತೆ ಬರೀ ಬೀಜಗಣಿತದ ಸಮೀಕರಣಗಳೂ ಸೇರಿದ್ದರೆ, ಅಂದರೆ ಮಾದರಿ ಡಿಎಇ ಆಗಿದ್ದರೆ, ಸ್ಟೆಪ್ ಇಳಿಸಿದಷ್ಟೂ ತೊಂದರೆ ಜಾಸ್ತಿಯಾಗಬಹುದು. ಯಾಕೆ ಅನ್ನುವುದನ್ನು ಕೆಳಗೆ ಲೆಕ್ಕ ಸಮೇತ ಕೊಟ್ಟಿದ್ದೇನೆ.

ಡಿಎಇ ಎಂಬ ಹೆಸರು ಕೇಳದವರೂ ಅದನ್ನು ದಿನಾ ಬಳಸುತ್ತಿರುತ್ತಾರೆ. ಸರ್ಕ್ಯೂಟ್‌ನಲ್ಲಿ ಕೆಪಾಸಿಟರ್ ಮತ್ತು ಇಂಡಕ್ಟರ್‌ಗೆ ಅವಕಲ ಸಮೀಕರಣ, ಕಿರ್ಕಾಫ್ ನಿಯಮಗಳಿಗೆ ಬೀಜಗಣಿತ. ವಿದ್ಯುತ್ ಜಾಲದಲ್ಲಿ ಜನರೇಟರಿನ ರೋಟರ್ ಚಲನೆ ಅವಕಲ, ಲೈನುಗಳ ಮೇಲಿನ ಪವರ್ ಲೆಕ್ಕ ಬೀಜಗಣಿತ. ರೋಬಾಟ್ ಕೈಯಲ್ಲಿ ಚಲನೆಯ ನಿಯಮ ಅವಕಲ, ಕೀಲುಗಳು ಹಾಕುವ ಕಟ್ಟು ಬೀಜಗಣಿತ. ಕೆಮಿಕಲ್ ಪ್ಲಾಂಟಿನಲ್ಲಿ ದ್ರವ್ಯರಾಶಿಯ ಲೆಕ್ಕ ಅವಕಲ, ಆವಿ ಮತ್ತು ದ್ರವದ ಸಮತೋಲನ ಬೀಜಗಣಿತ. ನೀವು ಸ್ಪೈಸ್ (ಸರ್ಕ್ಯೂಟ್ ಸಿಮ್ಯುಲೇಟರ್), ಮ್ಯಾಟ್‌ಲ್ಯಾಬ್, ಮೋಡೆಲಿಕಾ ಯಾವುದನ್ನೇ ಬಳಸಿ, ಒಳಗೆ ಬಿಡಿಸುತ್ತಿರುವುದು ಇದನ್ನೇ.

ಎಲ್ಲಿ ನಿಂತಿತು, ಏನು ಹೇಳಿ ನಿಂತಿತು

ಮೊದಲು ಎರರ್ ಸಂದೇಶವನ್ನು ಸರಿಯಾಗಿ ಓದಿ. ಸಾಲ್ವರ್ (ಸಮೀಕರಣ ಬಿಡಿಸುವ ಪ್ರೋಗ್ರಾಂ) ಸೋಲುವುದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಪ್ರತಿ ಸ್ಟೆಪ್‌ನಲ್ಲಿ ಬಿಡಿಸಬೇಕಾದ ನ್ಯೂಟನ್ ಲೆಕ್ಕ (ಊಹೆಯನ್ನು ತಿದ್ದುತ್ತಾ ಉತ್ತರಕ್ಕೆ ಹತ್ತಿರವಾಗುವ ವಿಧಾನ) ಒಂದು ಉತ್ತರಕ್ಕೆ ಬರುವುದೇ ಇಲ್ಲ. ಇನ್ನೊಂದು, ಲೆಕ್ಕ ಮುಗಿಯುತ್ತದೆ, ಆದರೆ ದೋಷದ ಅಂದಾಜು ಟಾಲರೆನ್ಸ್ ಒಳಗೆ ಇಳಿಯುವುದಿಲ್ಲ. ಸನ್‌ಡಯಲ್ಸ್ ಪ್ಯಾಕೇಜಿನ ಐಡಿಎ ಸಾಲ್ವರ್‌ನಲ್ಲಿ ಮೊದಲನೆಯದಕ್ಕೆ -4, ಎರಡನೆಯದಕ್ಕೆ -3 ಬರುತ್ತದೆ. ಹಳೆಯ ಡ್ಯಾಸ್ಲ್‌ನಲ್ಲಿ ಇವೇ -7 ಮತ್ತು -6. ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆದರೆ, ಅಂದರೆ ಅದರಿಂದ ಒಂದೇ ಉತ್ತರ ತೆಗೆಯಲಾಗದಿದ್ದರೆ, ಅಲ್ಲಿ -8. ನ್ಯೂಟನ್ ಸೋತಿದ್ದರೆ ಆರಂಭದ ಬೆಲೆಗಳು, ಜೇಕೋಬಿಯನ್ (ಸಮೀಕರಣಗಳ ಅವಕಲಗಳ ಮ್ಯಾಟ್ರಿಕ್ಸ್), ಉತ್ತರವೇ ಇಲ್ಲದಿರುವುದು, ಇವುಗಳ ಮೇಲೆ ಅನುಮಾನ ಪಡಿ. ದೋಷದ ಅಂದಾಜು ಸೋತಿದ್ದರೆ ಇಂಡೆಕ್ಸ್ (ಇದೇನೆಂದು ಮುಂದೆ ಹೇಳುತ್ತೇನೆ), ಸ್ವಿಚಿಂಗ್, ಸ್ಕೇಲಿಂಗ್ (ಬೆಲೆಗಳ ಗಾತ್ರದ ಅಂತರ) ಮೇಲೆ.

ಆಮೇಲೆ ಟಾಲರೆನ್ಸನ್ನು ಹತ್ತು ಪಟ್ಟು ಬಿಗಿ ಮಾಡಿ ಒಂದು ಸಲ ಓಡಿಸಿ. ಇದು ಪರಿಹಾರ ಅಂತ ಅಲ್ಲ, ನಿಂತ ಸಮಯ ಬದಲಾಗುತ್ತದಾ ಎಂದು ನೋಡುವುದಕ್ಕೆ. ಅದೇ ಕ್ಷಣದಲ್ಲಿ, ನಾಲ್ಕೈದು ಅಂಕಿವರೆಗೂ ಅದೇ ಸಮಯದಲ್ಲಿ ನಿಂತರೆ ಕಾರಣ ಮಾದರಿಯ ಒಳಗಿದೆ. ಸಮಯ ಆಚೀಚೆ ಓಡಾಡಿದರೆ ಕಾರಣ ಲೆಕ್ಕದ ವಿಧಾನದಲ್ಲಿರುವ ಸಾಧ್ಯತೆ ಹೆಚ್ಚು. ಈ ಒಂದು ಪರೀಕ್ಷೆ ಎಷ್ಟೋ ಗಂಟೆಗಳ ಕೆಲಸ ಉಳಿಸುತ್ತದೆ.

ಶುರುವಿನಲ್ಲೇ ಬಿದ್ದರೆ

ಸಮಯ ಸೊನ್ನೆಯಲ್ಲೇ ನಿಂತರೆ ಬಹುಪಾಲು ಆರಂಭದ ಬೆಲೆಗಳೇ ಕಾರಣ. ಮಾಮೂಲಿ ಅವಕಲ ಸಮೀಕರಣದಲ್ಲಿ ಯಾವ ಬೆಲೆಯಿಂದ ಬೇಕಾದರೂ ಹೊರಡಬಹುದು. ಡಿಎಇಯಲ್ಲಿ ಆ ಸ್ವಾತಂತ್ರ್ಯ ಇಲ್ಲ.

ಲೋಲಕವನ್ನೇ ತೆಗೆದುಕೊಳ್ಳಿ. ದಾರ 1 ಮೀಟರ್, ಗುಂಡಿನ ತೂಕ 1 ಕಿಲೋ. ಕೋನದ ಬದಲು ಅಡ್ಡ ಮತ್ತು ಲಂಬ ಸ್ಥಾನಗಳಲ್ಲಿ, ಅಂದರೆ ಎಕ್ಸ್ ಮತ್ತು ವೈಗಳಲ್ಲಿ ಬರೆದರೆ ಸ್ಥಾನ ಎರಡು, ವೇಗ ಎರಡು, ದಾರದ ಎಳೆತ ಒಂದು, ಒಟ್ಟು ಐದು ಅಜ್ಞಾತಗಳು. ಎಕ್ಸ್² + ವೈ² = 1 ಎಂಬುದು ಕಣ್ಣಿಗೆ ಕಾಣುವ ಒಂದೇ ಷರತ್ತು. ಹಾಗಾದರೆ ನಾಲ್ಕು ಬೆಲೆಗಳನ್ನು ನಾವೇ ಕೊಡಬಹುದು ಅಂತ ಅನ್ನಿಸುತ್ತದೆ, ಅಲ್ವಾ? ನಿಜವಾಗಿ ಕೊಡಬಹುದಾದದ್ದು ಎರಡೇ. ಷರತ್ತನ್ನು ಒಂದು ಸಲ ಅವಕಲಿಸಿದರೆ ವೇಗ ದಾರಕ್ಕೆ ಲಂಬವಾಗಿರಬೇಕು ಎಂಬ ಎರಡನೇ ಷರತ್ತು ಹೊರಬರುತ್ತದೆ. ಇನ್ನೊಂದು ಸಲ ಅವಕಲಿಸಿದರೆ ಎಳೆತದ ಬೆಲೆಯೇ ನಿಗದಿಯಾಗುತ್ತದೆ. ಇವನ್ನು ಅಡಗಿದ ಷರತ್ತುಗಳು ಅನ್ನುತ್ತೇವೆ. ನೀವು ಬರೆದಿಲ್ಲ, ಆದರೂ ಅವು ಇವೆ.

ಅಂಕಿಗಳಲ್ಲಿ ನೋಡಿ. ಗುಂಡನ್ನು 30 ಡಿಗ್ರಿ ಓರೆ ಮಾಡಿ ಸುಮ್ನೆ ಬಿಟ್ಟರೆ ಎಕ್ಸ್ 0.5, ವೈ -0.866, ಎಳೆತ 9.81 × 0.866, ಅಂದರೆ ಸುಮಾರು 8.5 ನ್ಯೂಟನ್. ಎಳೆತ ಗೊತ್ತಿಲ್ಲ ಎಂದು ಅಲ್ಲಿ ಸೊನ್ನೆ ಹಾಕಿದರೆ ಸಾಲ್ವರ್ ಮೊದಲ ಸ್ಟೆಪ್‌ನಲ್ಲೇ 8.5ಕ್ಕೆ ಜಿಗಿಯಬೇಕಾಗುತ್ತದೆ. ದೋಷದ ಅಂದಾಜು ಅದನ್ನು ಒಪ್ಪುವುದಿಲ್ಲ. ವೇಗದಲ್ಲೂ ಹೀಗೆಯೇ. ಅಡ್ಡಕ್ಕೆ ಸೆಕೆಂಡಿಗೆ 1 ಮೀಟರ್ ಎಂದು ಕೊಟ್ಟರೆ ಆ ವೇಗದ ಒಂದು ಭಾಗ ದಾರವನ್ನೇ ಉದ್ದ ಮಾಡುತ್ತದೆ, ಷರತ್ತು ಮುರಿಯುತ್ತದೆ. ಅದೇ ವೇಗವನ್ನು ದಾರಕ್ಕೆ ಲಂಬವಾಗಿ ಕೊಡಿ. ಆಗ ಎಳೆತ 9.5 ನ್ಯೂಟನ್ ಆಗುತ್ತದೆ, ಎಲ್ಲವೂ ಹೊಂದುತ್ತದೆ.

ಪತ್ತೆ ಮಾಡುವುದು ಸುಲಭ. ಸಮಯ ಸೊನ್ನೆಯಲ್ಲಿ ಪ್ರತಿ ಸಮೀಕರಣದ ಶೇಷವನ್ನು, ಅಂದರೆ ಎಡಬದಿ ಮತ್ತು ಬಲಬದಿಯ ವ್ಯತ್ಯಾಸವನ್ನು, ಸಮೀಕರಣದ ಹೆಸರಿನ ಜೊತೆ ಪ್ರಿಂಟ್ ಮಾಡಿ. ಎಲ್ಲದರ ಮೊತ್ತ ಸಾಲದು, ಒಂದೊಂದನ್ನೂ ನೋಡಬೇಕು. ದೊಡ್ಡದು ಯಾವುದೋ ಅಲ್ಲಿಂದ ಹುಡುಕಲು ಶುರು ಮಾಡಿ. ಮ್ಯಾಟ್‌ಲ್ಯಾಬ್‌ನ ಡೆಸಿಕ್, ಐಡಿಎಯ ಐಡಿಎಕ್ಯಾಲ್ಕ್‌ಐಸಿ ಇದೇ ಕೆಲಸಕ್ಕೆ ಇರುವ ಸಾಧನಗಳು. ಆದರೆ ಐಡಿಎಕ್ಯಾಲ್ಕ್‌ಐಸಿಯನ್ನು ಇಂಡೆಕ್ಸ್ 1ರ ಮಾದರಿಗಳಿಗಾಗಿ ಬರೆದಿದ್ದಾರೆ. ಅಡಗಿದ ಷರತ್ತುಗಳನ್ನು ಅದು ತಾನಾಗಿ ಕಂಡುಹಿಡಿಯುವುದಿಲ್ಲ.

ದೊಡ್ಡ ಮಾದರಿಯಲ್ಲಿ ಆರಂಭದ ಬೆಲೆಗಳು ಎಷ್ಟು ಹುಡುಕಿದರೂ ಸಿಗದಿದ್ದರೆ ಸ್ಪೈಸ್ ಮಾಡುವುದನ್ನು ನೀವೂ ಮಾಡಿ. ಎಲ್ಲ ಸೋರ್ಸ್‌ಗಳನ್ನು ಸೊನ್ನೆಗಿಳಿಸಿ ಬಿಡಿಸಿ, ಆ ಉತ್ತರವನ್ನು ಹಿಡಿದು ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. ಪ್ಲಾಂಟ್ ಮಾದರಿಗಳಿಗೂ ಈ ದಾರಿ ಚೆನ್ನಾಗಿ ಹೊಂದುತ್ತದೆ.

ಸ್ಟೆಪ್ ಇಳಿಸಿದಷ್ಟೂ ಕೆಡುವುದು: ಇಂಡೆಕ್ಸ್

ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಬೀಜಗಣಿತದ ಸಮೀಕರಣಗಳನ್ನು ಎಷ್ಟು ಸಲ ಅವಕಲಿಸಿದರೆ ಇಡೀ ವ್ಯವಸ್ಥೆ ಮಾಮೂಲಿ ಅವಕಲ ಸಮೀಕರಣಗಳಾಗುತ್ತದೋ ಆ ಸಂಖ್ಯೆಯೇ ಇಂಡೆಕ್ಸ್. ಮೇಲಿನ ಲೋಲಕದ್ದು 3. ಹಿಂದಿನ ಸ್ಟೆಪ್‌ಗಳ ಬೆಲೆಗಳನ್ನು ಬಳಸುವ ಬಿಡಿಎಫ್ ಬಗೆಯ ಸಾಲ್ವರ್‌ಗಳು ಇಂಡೆಕ್ಸ್ 1ನ್ನು ಚೆನ್ನಾಗಿ ನಿಭಾಯಿಸುತ್ತವೆ, 2ನ್ನು ಕಷ್ಟಪಟ್ಟು ನಿಭಾಯಿಸುತ್ತವೆ, 3ರಲ್ಲಿ ಬೀಳುತ್ತವೆ. ಬಿಲ್ ಗಿಯರ್ 1971ರಲ್ಲಿ ಬಿಡಿಎಫ್‌ನಿಂದ ಎರಡೂ ಬಗೆಯ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬಹುದೆಂದು ತೋರಿಸಿದ್ದರು. 1982ರಲ್ಲಿ ಲಿಂಡಾ ಪೆಟ್ಜೋಲ್ಡ್ ಬರೆದ ಪ್ರಬಂಧದ ಶೀರ್ಷಿಕೆಯೇ ಡಿಎಇಗಳು ಓಡಿಇಗಳಲ್ಲ (ಮಾಮೂಲಿ ಅವಕಲ ಸಮೀಕರಣಗಳಲ್ಲ) ಎಂದು ನೇರವಾಗಿ ಹೇಳುತ್ತದೆ.

ಯಾಕೆ ಬೀಳುತ್ತವೆ? ಒಂದು ಚಿಕ್ಕ ಲೆಕ್ಕ ಮಾಡೋಣ. ಎಕ್ಸ್ ಅನ್ನು ಸಮಯದ ಒಂದು ಗೊತ್ತಿರುವ ಫಂಕ್ಷನ್‌ಗೆ ಸಮ ಎಂದು ಇಡಿ. ವೈ ಎಂದರೆ ಎಕ್ಸ್ ಬದಲಾಗುವ ದರ, ಝಡ್ ಎಂದರೆ ವೈ ಬದಲಾಗುವ ದರ. ಇದು ಇಂಡೆಕ್ಸ್ 3ರ ಅತಿ ಸರಳ ರೂಪ. ಬಿಡಿಎಫ್‌ನ ಅತಿ ಸರಳ ರೂಪವಾದ ಬ್ಯಾಕ್‌ವರ್ಡ್ ಆಯ್ಲರ್ ವಿಧಾನದಲ್ಲಿ ಬಿಡಿಸಿದರೆ ಝಡ್‌ಗೆ ಬರುವ ಉತ್ತರ ನಿಜವಾದ ಬೆಲೆಯ ಇಷ್ಟು ಪಟ್ಟು: ಹಳೆಯ ಸ್ಟೆಪ್ ಭಾಗಿಸು ಹೊಸ ಸ್ಟೆಪ್, ಅದಕ್ಕೆ 1 ಕೂಡಿಸಿ, ಅರ್ಧ ಮಾಡಿ. ಸ್ಟೆಪ್ ಒಂದೇ ಸಮ ಇದ್ದರೆ ಸರಿಯಾಗಿ 1. ಸ್ಟೆಪ್ ಅರ್ಧಕ್ಕಿಳಿದರೆ 1.5. ಹತ್ತನೇ ಒಂದಕ್ಕಿಳಿದರೆ 5.5. ಸ್ಟೆಪ್ ಎಷ್ಟೇ ಸಣ್ಣದಿರಲಿ ಈ ತಪ್ಪು ಹೋಗುವುದಿಲ್ಲ, ಯಾಕೆಂದರೆ ಅದು ಎರಡು ಸ್ಟೆಪ್‌ಗಳ ಅನುಪಾತವನ್ನು ಮಾತ್ರ ನೋಡುತ್ತದೆ. ಈಗ ಸಾಲ್ವರ್ ಏನು ಮಾಡುತ್ತದೆ ನೋಡಿ. ದೋಷ ದೊಡ್ಡದಾಗಿ ಕಾಣುತ್ತದೆ, ಅದು ಸ್ಟೆಪ್ ಇಳಿಸುತ್ತದೆ. ಇಳಿಸಿದ್ದಕ್ಕೇ ದೋಷ ಬೆಳೆಯುತ್ತದೆ. ಮತ್ತೆ ಇಳಿಸುತ್ತದೆ. ಕೊನೆಗೆ ‘ಸ್ಟೆಪ್ ತುಂಬಾ ಚಿಕ್ಕದಾಯಿತು’ ಎಂದು ನಿಲ್ಲುತ್ತದೆ. ನೀವು ಕೈಯಿಂದ ಮಿತಿ ಇಳಿಸಿದರೆ ಅದೇ ಸುತ್ತು ಇನ್ನಷ್ಟು ದೂರ ಹೋಗುತ್ತದೆ ಅಷ್ಟೇ.

ಪರೀಕ್ಷೆ ಹೀಗೆ. ನ್ಯೂಟನ್ ಮ್ಯಾಟ್ರಿಕ್ಸ್‌ನ ಕಂಡಿಷನ್ ನಂಬರನ್ನು (ಸಣ್ಣ ತಪ್ಪು ಉತ್ತರದಲ್ಲಿ ಎಷ್ಟು ಹಿಗ್ಗಬಹುದು ಎಂಬ ಅಳತೆ) ಮೂರು ಸ್ಟೆಪ್‌ಗಳಿಗೆ ತೆಗೆಯಿರಿ, ಪ್ರತಿಯೊಂದೂ ಹಿಂದಿನದರ ಹತ್ತನೇ ಒಂದು. ಸ್ಟೆಪ್ ಹತ್ತನೇ ಒಂದಕ್ಕೆ ಇಳಿದಾಗ ಕಂಡಿಷನ್ ನಂಬರ್ ಸುಮಾರು 10 ಪಟ್ಟು ಏರಿದರೆ ಇಂಡೆಕ್ಸ್ 1. 100 ಪಟ್ಟಾದರೆ 2. 1000 ಪಟ್ಟಾದರೆ 3. ಇದರಷ್ಟೇ ಉಪಯೋಗದ ಇನ್ನೊಂದು ಪರೀಕ್ಷೆ ಇದೆ, ಕಾಗದ ಪೆನ್ನು ಸಾಕು. ಪ್ರತಿ ಬೀಜಗಣಿತದ ಅಜ್ಞಾತವೂ ಯಾವುದಾದರೂ ಬೀಜಗಣಿತದ ಸಮೀಕರಣದಲ್ಲಿ ಬರುತ್ತದಾ ನೋಡಿ. ಲೋಲಕದಲ್ಲಿ ಎಳೆತ ಎಕ್ಸ್² + ವೈ² = 1 ಎಂಬಲ್ಲಿ ಎಲ್ಲೂ ಇಲ್ಲ. ಅಲ್ಲಿಗೆ ಇಂಡೆಕ್ಸ್ 1 ಅಲ್ಲ ಎಂದು ಖಚಿತವಾಯಿತು. ಮ್ಯಾಟ್‌ಲ್ಯಾಬ್‌ನ ಓಡಿಇ15ಎಸ್ ಇಂಥ ಮಾದರಿ ಕಂಡರೆ ಇಂಡೆಕ್ಸ್ 1ಕ್ಕಿಂತ ಹೆಚ್ಚಿರುವಂತಿದೆ ಎಂದು ತಾನೇ ಹೇಳುತ್ತದೆ. ಆ ಸಂದೇಶವನ್ನು ನಂಬಿ.

ಇಂಡೆಕ್ಸ್ ಏರುವುದು ಬಹಳ ಸಲ ನಾವು ಮಾದರಿಯಲ್ಲಿ ಮಾಡಿಕೊಂಡ ಸರಳೀಕರಣದಿಂದ. ಒಂದು ಟ್ಯಾಂಕ್‌ಗೆ ನೀರು ಬರುತ್ತಿದೆ, ನೀರಿನ ಮಟ್ಟ ಸದಾ 2 ಮೀಟರ್ ಇರಬೇಕು, ಹೊರಹರಿವು ಎಷ್ಟು ಎಂದು ಕೇಳಿದಿರಿ ಅನ್ನಿ. ‘ಮಟ್ಟ = 2’ ಎಂಬ ಸಮೀಕರಣದಲ್ಲಿ ಹೊರಹರಿವು ಇಲ್ಲವೇ ಇಲ್ಲ. ಇಂಡೆಕ್ಸ್ 2 ಆಯಿತು. ಯಾವ ಪ್ಲಾಂಟಿನಲ್ಲೂ ಮಟ್ಟವನ್ನು ಹೀಗೆ ಕ್ಷಣಮಾತ್ರದಲ್ಲಿ ಹಿಡಿದಿಡುವ ವಾಲ್ವ್ ಇಲ್ಲ. ನಿಜವಾದ ಪಿಐ ಕಂಟ್ರೋಲರ್ (ಮಟ್ಟದ ತಪ್ಪನ್ನು ನೋಡಿ ವಾಲ್ವ್ ತಿರುಗಿಸುವ ನಿಯಂತ್ರಕ) ಹಾಕಿ, ಇಂಡೆಕ್ಸ್ 1ಕ್ಕೆ ಇಳಿಯುತ್ತದೆ, ಮಾದರಿಯೂ ವಾಸ್ತವಕ್ಕೆ ಹತ್ತಿರ ಬರುತ್ತದೆ.

ಸರ್ಕ್ಯೂಟ್‌ನಲ್ಲಿ ಇದರ ಜೋಡಿ ಎಂದರೆ ಐಡಿಯಲ್ ವೋಲ್ಟೇಜ್ ಸೋರ್ಸ್‌ಗೆ ನೇರವಾಗಿ ಕೆಪಾಸಿಟರ್ ಜೋಡಿಸುವುದು. 10 ಮೈಕ್ರೋಫ್ಯಾರಡ್ ಕೆಪಾಸಿಟರ್, 5 ವೋಲ್ಟ್ ಪಲ್ಸ್, ಏರುವ ಸಮಯ 1 ಮೈಕ್ರೋಸೆಕೆಂಡ್. ಕರೆಂಟ್ 50 ಆಂಪಿಯರ್ ಬರುತ್ತದೆ. ಏರುವ ಸಮಯವನ್ನು 1 ನ್ಯಾನೋಸೆಕೆಂಡ್ ಮಾಡಿದರೆ 50,000 ಆಂಪಿಯರ್! ಕರೆಂಟಿನ ಶಿಖರ ನಿಮ್ಮ ಸರ್ಕ್ಯೂಟ್ ಬಿಟ್ಟು ಪಲ್ಸ್‌ನ ಏರಿಕೆಯನ್ನೇ ಅನುಸರಿಸುತ್ತಿದ್ದರೆ ಇಂಡೆಕ್ಸ್ 2 ಅಂತ ತಿಳಿಯಿರಿ. ಕೆಪಾಸಿಟರ್‌ಗೆ ಸರಣಿಯಲ್ಲಿ ಅದರ ನಿಜವಾದ ಒಳರೋಧವನ್ನು ಸೇರಿಸಿ, ಡೇಟಾಶೀಟ್‌ನಲ್ಲಿ ಇಎಸ್‌ಆರ್ ಎಂದು ಕೊಟ್ಟಿರುತ್ತಾರೆ. ಬರೀ ಕರೆಂಟ್ ಸೋರ್ಸ್ ಮತ್ತು ಇಂಡಕ್ಟರ್‌ಗಳೇ ಕೂಡುವ ನೋಡ್‌ನಲ್ಲೂ ಇದೇ ಕಥೆ, ಅಲ್ಲಿ ಸಮಾಂತರವಾಗಿ ಒಂದು ರೆಸಿಸ್ಟರ್ ಬೇಕು.

ಲೋಲಕ, ರೋಬಾಟ್ ಕೈ, ವಾಹನದ ಸಸ್ಪೆನ್ಷನ್ ಇವುಗಳಲ್ಲಿ ಕಟ್ಟು ನಿಜವಾದದ್ದು, ತೆಗೆಯಲಾಗದು. ಆಗ ಷರತ್ತನ್ನು ಅವಕಲಿಸಿ ಇಂಡೆಕ್ಸ್ ಇಳಿಸಬೇಕು. ಯಾವ ಸಮೀಕರಣವನ್ನು ಎಷ್ಟು ಸಲ ಅವಕಲಿಸಬೇಕೆಂದು ಕಂಡುಹಿಡಿಯುವ ವಿಧಾನವನ್ನು ಪ್ಯಾಂಟೆಲಿಡಿಸ್ 1988ರಲ್ಲಿ ಕೊಟ್ಟರು. ಅದರ ಮೇಲೆ ಮ್ಯಾಟ್ಸನ್ ಮತ್ತು ಸೋಡರ್‌ಲಿಂಡ್ 1993ರಲ್ಲಿ ಡಮ್ಮಿ ಡೆರಿವೇಟಿವ್ ವಿಧಾನ ಕಟ್ಟಿದರು. ಓಪನ್‌ಮೋಡೆಲಿಕಾ ಇದನ್ನು ತಾನಾಗಿಯೇ ಮಾಡುತ್ತದೆ. ಒಂದು ಎಚ್ಚರಿಕೆ: ಪ್ಯಾಂಟೆಲಿಡಿಸ್ ವಿಧಾನ ಯಾವ ಅಜ್ಞಾತ ಯಾವ ಸಮೀಕರಣದಲ್ಲಿದೆ ಎಂಬ ನಕ್ಷೆಯನ್ನು ಮಾತ್ರ ನೋಡುತ್ತದೆ. ಅಂಕಿಗಳು ಪರಸ್ಪರ ಕಳೆದುಹೋಗಿ ಸೊನ್ನೆಯಾಗುವುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಟೂಲ್ ಸರಿ ಅಂದರೂ ಕಂಡಿಷನ್ ನಂಬರ್ ಪರೀಕ್ಷೆಯನ್ನು ಬಿಡಬೇಡಿ.

ಕೆಲವರು ಬೀಜಗಣಿತದ ಸಮೀಕರಣಕ್ಕೆ ಒಂದು ಪುಟ್ಟ ಗುಣಕದ ಜೊತೆ ಸಮಯದ ಅವಕಲವನ್ನು ಅಂಟಿಸಿ ಮಾಮೂಲಿ ಓಡಿಇ ಮಾಡಿಕೊಳ್ಳುತ್ತಾರೆ. ಸೈಪೈಯ ಸಾಲ್ವ್‌ಐವಿಪಿಯಂಥ ಸಾಧನ ಮಾತ್ರ ಕೈಯಲ್ಲಿದ್ದಾಗ ಈ ಆಸೆ ಬರುತ್ತದೆ. ಇಂಡೆಕ್ಸ್ 1ರಲ್ಲಿ, ಅದೂ ಚಿಹ್ನೆ ಸರಿ ಇದ್ದರೆ, ಇದು ನಡೆಯುತ್ತದೆ. ಚಿಹ್ನೆ ತಿರುಗಿದರೆ ಉತ್ತರ ಸ್ಫೋಟಿಸುತ್ತದೆ. ಇಂಡೆಕ್ಸ್ 2 ಅಥವಾ 3ರಲ್ಲಿ ಇದರ ಮೇಲೆ ಭರವಸೆ ಇಡಬೇಡಿ.

ಮ್ಯಾಟ್ರಿಕ್ಸ್ ಸಿಂಗ್ಯುಲರ್ ಎಂದರೆ

ಸ್ಪೈಸ್‌ನಲ್ಲಿ ಇದಕ್ಕೆ ಕಾರಣ ಸಾಮಾನ್ಯವಾಗಿ ತೀರಾ ಸರಳ. ಯಾವುದೋ ನೋಡ್‌ಗೆ ಗ್ರೌಂಡ್‌ವರೆಗೆ ಡಿಸಿ ದಾರಿ ಇಲ್ಲ, ಅಥವಾ ಎರಡು ವೋಲ್ಟೇಜ್ ಸೋರ್ಸ್‌ಗಳು ಒಂದೇ ಲೂಪ್‌ನಲ್ಲಿವೆ. ಎರರ್‌ನಲ್ಲಿ ನೋಡ್‌ನ ಹೆಸರು ಇರುತ್ತದೆ, ಅಲ್ಲಿಂದಲೇ ತಂತಿ ಹಿಡಿದು ಹೋಗಿ. ಬೇರೆ ಮಾದರಿಗಳಲ್ಲಿ ಒಂದೇ ವಿಷಯವನ್ನು ಎರಡು ಸಮೀಕರಣಗಳಲ್ಲಿ ಬರೆದಿದ್ದೀರಾ ನೋಡಿ. ಎಲ್ಲ ಘಟಕಗಳ ಮೋಲ್ ಭಾಗಗಳ ಸಮತೋಲನ ಬರೆದು, ಅವುಗಳ ಮೊತ್ತ 1 ಎಂದೂ ಬರೆಯುವುದು ಬಹಳ ಸಾಮಾನ್ಯ. ಜೇಕೋಬಿಯನ್ ಕೈಯಲ್ಲಿ ಬರೆದಿದ್ದರೆ ಅದನ್ನು ಸಂಖ್ಯಾತ್ಮಕ ಅವಕಲದ ಜೊತೆ ಒಂದೊಂದು ಕೋಶವಾಗಿ ಹೋಲಿಸಿ.

ನಡುವೆ ಒಂದೇ ಕ್ಷಣದಲ್ಲಿ ನಿಲ್ಲುತ್ತಿದ್ದರೆ

ಇಲ್ಲಿ ಮೊದಲ ಅನುಮಾನ ಸ್ವಿಚಿಂಗ್. ವಾಲ್ವ್ ಮುಚ್ಚಿತು, ಡಯೋಡ್ ತಿರುಗಿತು, ಲೈನಿನಲ್ಲಿ ಫಾಲ್ಟ್ ಆಯಿತು. ಜಾಲದ ಮಾದರಿಯಲ್ಲಿ 1 ಸೆಕೆಂಡಿಗೆ ಫಾಲ್ಟ್ ಹಾಕಿ 100 ಮಿಲಿಸೆಕೆಂಡ್ ನಂತರ ತೆಗೆದಿರಿ ಅನ್ನಿ. ರೋಟರಿನ ಕೋನ ಮತ್ತು ವೇಗ ಆ ಕ್ಷಣದಲ್ಲಿ ಜಿಗಿಯುವುದಿಲ್ಲ, ಬಸ್ ವೋಲ್ಟೇಜ್‌ಗಳು ಜಿಗಿಯುತ್ತವೆ. ಹಾಗಾಗಿ ಘಟನೆಯ ಕ್ಷಣದಲ್ಲಿ ಸಾಲ್ವರ್ ನಿಲ್ಲಿಸಿ, ಅವಕಲ ಅಜ್ಞಾತಗಳನ್ನು ಹಾಗೇ ಇಟ್ಟು, ಬೀಜಗಣಿತದವನ್ನು ಹೊಸದಾಗಿ ಬಿಡಿಸಿ, ಮೊದಲ ಆರ್ಡರ್‌ನಿಂದ (ಹಿಂದಿನ ಒಂದೇ ಬೆಲೆ ಬಳಸುವ ಸರಳ ವಿಧಾನದಿಂದ) ಮತ್ತೆ ಹೊರಡಿ. ಹಳೆಯ ಸ್ಟೆಪ್‌ಗಳ ಇತಿಹಾಸ ಇನ್ನು ಕೆಲಸಕ್ಕೆ ಬಾರದು.

ಎರಡನೇ ಅನುಮಾನ ವರ್ಗಮೂಲ. ಪೈಪ್ ಅಥವಾ ವಾಲ್ವ್‌ನ ಹರಿವನ್ನು ಒತ್ತಡದ ವ್ಯತ್ಯಾಸದ ವರ್ಗಮೂಲ ಎಂದು ಬರೆದಿದ್ದರೆ, ವ್ಯತ್ಯಾಸ ಸೊನ್ನೆಯಾದಾಗ ಅದರ ಅವಕಲ ಅನಂತ. ನ್ಯೂಟನ್ ಒಂಚೂರು ಆಚೆ ಹಾರಿದರೆ ಋಣ ಸಂಖ್ಯೆಯ ವರ್ಗಮೂಲ, ನೇರ ನ್ಯಾನ್ (ಸಂಖ್ಯೆಯೇ ಅಲ್ಲದ ಬೆಲೆ). ಸೊನ್ನೆಯ ಹತ್ತಿರ ಹರಿವು ಒತ್ತಡಕ್ಕೆ ನೇರ ಅನುಪಾತದಲ್ಲಿರುವಂತೆ ಬರೆಯಿರಿ. ಇದು ಲೆಕ್ಕದ ಅನುಕೂಲಕ್ಕೆ ಮಾಡಿದ ಮೋಸವಲ್ಲ. ನಿಧಾನದ ಹರಿವು ಪದರಪದರವಾಗಿ ಹರಿಯುವಾಗ ನಿಜವಾಗಿಯೂ ಹಾಗೆಯೇ ಇರುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು: ಅಲ್ಲಿ ಉತ್ತರವೇ ಇಲ್ಲದಿರುವುದು. ಒಂದು ಸೋರ್ಸ್, ಒಂದು ಲೈನ್, ಕೊನೆಯಲ್ಲಿ ಸ್ಥಿರ ಪವರ್ ಎಳೆಯುವ ಲೋಡ್ ಇದೆ ಎಂದುಕೊಳ್ಳಿ. ಸೋರ್ಸ್ ವೋಲ್ಟೇಜ್ 1 ಪರ್ ಯುನಿಟ್ (ಗೊತ್ತುಮಾಡಿದ ಮೂಲ ಬೆಲೆಯ ಎಷ್ಟು ಪಟ್ಟು ಎಂಬ ಅಳತೆ), ಲೈನ್ ರಿಯಾಕ್ಟನ್ಸ್ 0.5, ಪವರ್ ಫ್ಯಾಕ್ಟರ್ 1. ಆ ಲೈನಿನಲ್ಲಿ ಸಾಗಿಸಬಹುದಾದ ಗರಿಷ್ಠ ಪವರ್ ವೋಲ್ಟೇಜ್‌ನ ವರ್ಗ ಭಾಗಿಸು ರಿಯಾಕ್ಟನ್ಸ್‌ನ ಎರಡರಷ್ಟು, ಅಂದರೆ ಸರಿಯಾಗಿ 1. ಲೋಡ್ 1.05 ಕೇಳಿದರೆ ಬೀಜಗಣಿತದ ಸಮೀಕರಣಕ್ಕೆ ವಾಸ್ತವ ಉತ್ತರವೇ ಇಲ್ಲ. ಯಾವ ಟಾಲರೆನ್ಸ್ ಕೊಟ್ಟರೂ ಸಾಲ್ವರ್ ಅಲ್ಲೇ ನಿಲ್ಲುತ್ತದೆ, ನಿಲ್ಲಲೇಬೇಕು. ಗುರುತು: ನಿಲ್ಲುವ ಮೊದಲು ಲೋಡಿನ ವೋಲ್ಟೇಜ್ 0.7ರ ಹತ್ತಿರ ಜಾರಿರುತ್ತದೆ, ಬೀಜಗಣಿತದ ಜೇಕೋಬಿಯನ್‌ನ ಅತಿ ಸಣ್ಣ ಸಿಂಗ್ಯುಲರ್ ಬೆಲೆ (ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗಲು ಎಷ್ಟು ಹತ್ತಿರವಿದೆ ಎಂಬ ಅಳತೆ) ಸೊನ್ನೆಯತ್ತ ಇಳಿದಿರುತ್ತದೆ. ಖಚಿತ ಮಾಡಿಕೊಳ್ಳಲು ಲೋಡನ್ನು ಸ್ಥಿರ ಇಂಪೀಡೆನ್ಸ್‌ಗೆ ಬದಲಾಯಿಸಿ ಓಡಿಸಿ. ಆಗ ಮುಂದೆ ಹೋದರೆ ಕಾರಣ ಸಿಕ್ಕಿತು.

ಇಂಥ ನಿಲುಗಡೆಯನ್ನು ಸಾಫ್ಟ್‌ವೇರ್ ದೋಷ ಅಂದುಕೊಂಡು ದಾಟಿಸುವ ದಾರಿ ಹುಡುಕಬೇಡಿ. 1987ರ ಜುಲೈ 23ರಂದು ಟೋಕಿಯೋದಲ್ಲಿ ಬಿರುಬಿಸಿಲಿನ ಮಧ್ಯಾಹ್ನ ಏರ್ ಕಂಡೀಷನರ್‌ಗಳ ಬೇಡಿಕೆ ವೇಗವಾಗಿ ಏರಿ, ವೋಲ್ಟೇಜ್ ಕುಸಿದು, ದೊಡ್ಡ ಪ್ರದೇಶಕ್ಕೆ ಕರೆಂಟ್ ಹೋಯಿತು. ವೋಲ್ಟೇಜ್ ಇಳಿದರೂ ಪವರ್ ಕಡಿಮೆ ಮಾಡಿಕೊಳ್ಳದ ಲೋಡ್‌ಗಳು ಜಾಲವನ್ನು ಇದೇ ಅಂಚಿಗೆ ತಳ್ಳುತ್ತವೆ. ನಿಮ್ಮ ಸಿಮ್ಯುಲೇಶನ್ ಅಲ್ಲಿ ನಿಂತರೆ ಅದು ಕೊಟ್ಟ ಉತ್ತರವೇ ಅದು. ವರದಿಯಲ್ಲಿ ಹಾಗೇ ಬರೆಯಿರಿ.

ನಿಲ್ಲಲಿಲ್ಲ, ಆದರೆ ಉತ್ತರ ತಪ್ಪು

ಇಂಡೆಕ್ಸ್ ಇಳಿಸಿದ ಮಾದರಿಗಳಲ್ಲಿ ಇದನ್ನು ಹುಡುಕಲೇಬೇಕು. ಲೋಲಕದ ಷರತ್ತನ್ನು ಎರಡು ಸಲ ಅವಕಲಿಸಿ ಬಿಡಿಸಿದರೆ ಸಾಲ್ವರ್ ಆ ಅವಕಲವನ್ನು ಮಾತ್ರ ಕಾಯುತ್ತದೆ, ಮೂಲ ಷರತ್ತನ್ನು ಯಾರೂ ಕಾಯುವುದಿಲ್ಲ. ಸಣ್ಣ ದೋಷಗಳು ಸೇರುತ್ತಾ ದಾರದ ಉದ್ದ ಮೆಲ್ಲಗೆ ಬದಲಾಗುತ್ತದೆ. ಎಕ್ಸ್² + ವೈ² - 1 ಅನ್ನು ಸಮಯದ ಎದುರು ಪ್ಲಾಟ್ ಮಾಡಿ. ಸಮಯದ ವರ್ಗದಂತೆ ಬಾಗಿ ಏರುತ್ತಿದ್ದರೆ ಇದೇ ಜಾರುವಿಕೆ.

ಬಾಮ್‌ಗಾರ್ಟೆ 1972ರಲ್ಲಿ ಕೊಟ್ಟ ಉಪಾಯ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಎರಡನೇ ಅವಕಲವನ್ನು ಸೊನ್ನೆ ಎನ್ನುವ ಬದಲು, ಅದಕ್ಕೆ ಷರತ್ತಿನ ಮೊದಲ ಅವಕಲವನ್ನೂ ಷರತ್ತನ್ನೂ ಒಂದೊಂದು ಗುಣಕದ ಜೊತೆ ಸೇರಿಸಬೇಕು. ದೋಷ ಆಗ ತಾನಾಗಿ ಆರಿಹೋಗುತ್ತದೆ. ಗುಣಕ ಸಣ್ಣದಾದರೆ ಜಾರುವಿಕೆ ಉಳಿಯುತ್ತದೆ, ದೊಡ್ಡದಾದರೆ ಮಾದರಿ ಸ್ಟಿಫ್ ಆಗಿ (ತೀರಾ ವೇಗದ ಮತ್ತು ನಿಧಾನದ ಬದಲಾವಣೆಗಳು ಒಟ್ಟಿಗೆ ಬಂದು) ನಿಧಾನವಾಗುತ್ತದೆ, ನಡುವಿನದ್ದನ್ನು ಪ್ರತಿ ಮಾದರಿಗೂ ಹುಡುಕಬೇಕು. ನನಗೆ ಪ್ರೊಜೆಕ್ಷನ್ ಹೆಚ್ಚು ಇಷ್ಟ. ಪ್ರತಿ ಸ್ಟೆಪ್ ಮುಗಿದ ಮೇಲೆ ಸ್ಥಾನವನ್ನು ಷರತ್ತಿನ ಮೇಲಕ್ಕೆ ತಂದು ಕೂರಿಸಿ, ಆಮೇಲೆ ವೇಗವನ್ನು ದಾರಕ್ಕೆ ಲಂಬ ಮಾಡಿ. ಯಾವ ಗುಣಕವನ್ನೂ ಊಹಿಸಬೇಕಿಲ್ಲ.

ಇನ್ನೊಂದು ಬಗೆಯ ತಪ್ಪು ಸ್ಕೇಲಿಂಗ್‌ನಿಂದ. ರಾಬರ್ಟ್‌ಸನ್‌ನ ರಾಸಾಯನಿಕ ಕ್ರಿಯೆಯ ಉದಾಹರಣೆ ಪ್ರಸಿದ್ಧ: ಮೂರು ಪದಾರ್ಥಗಳು, ದರ ಸ್ಥಿರಾಂಕಗಳು 0.04, 10 ಸಾವಿರ ಮತ್ತು 3 ಕೋಟಿ, ಮೂರರ ಮೊತ್ತ ಸದಾ 1. ನಡುವಿನ ಪದಾರ್ಥ ಅತಿ ಹೆಚ್ಚೆಂದರೆ 0.000036ರ ಆಸುಪಾಸಿಗೆ ಏರಿ ಇಳಿಯುತ್ತದೆ. ಮ್ಯಾಟ್‌ಲ್ಯಾಬ್‌ನ ಡೀಫಾಲ್ಟ್ ಅಬ್ಸಲ್ಯೂಟ್ ಟಾಲರೆನ್ಸ್ 0.000001. ಶಿಖರದಲ್ಲೇ ಮೂವತ್ತಾರರಲ್ಲಿ ಒಂದು ಭಾಗ, ಇಳಿಯುವಾಗ ಇನ್ನೂ ಕೆಟ್ಟದು. ಆ ಅಜ್ಞಾತಕ್ಕೆ ಮಾತ್ರ 10ರ ಘಾತ -10 ಕೊಟ್ಟರೆ ಸರಿಹೋಗುತ್ತದೆ. ಪ್ಯಾಸ್ಕಲ್‌ನಲ್ಲಿ ಒತ್ತಡ, ಮೋಲ್ ಭಾಗದಲ್ಲಿ ಸಾಂದ್ರತೆ ಒಟ್ಟಿಗೆ ಇರುವ ಪ್ಲಾಂಟ್ ಮಾದರಿಗಳಲ್ಲಿ ಎಲ್ಲಕ್ಕೂ ಒಂದೇ ಟಾಲರೆನ್ಸ್ ಕೊಡಲೇಬೇಡಿ.

ಇಂಡೆಕ್ಸ್ 2ರ ಮಾದರಿಯನ್ನು ಹಾಗೇ ಓಡಿಸಬೇಕಾಗಿ ಬಂದರೆ ಐಡಿಎಯಲ್ಲಿ ಬೀಜಗಣಿತದ ಅಜ್ಞಾತಗಳನ್ನು ದೋಷದ ಪರೀಕ್ಷೆಯಿಂದ ಹೊರಗಿಡುವ ಆಯ್ಕೆ ಇದೆ. ಸಾಲ್ವರ್ ಮುಂದೆ ಸಾಗುತ್ತದೆ. ಆದರೆ ಆ ಅಜ್ಞಾತಗಳ ಬೆಲೆಯನ್ನು ಈಗ ಯಾರೂ ಪರೀಕ್ಷಿಸುತ್ತಿಲ್ಲ. ಸ್ಟೆಪ್ ಬದಲಾದ ಜಾಗಗಳಲ್ಲಿ ಬರುವ ಕೀಲಿನ ಬಲವನ್ನು ಡಿಸೈನ್‌ಗೆ ಬಳಸುವ ಮೊದಲು, ಸ್ಟೆಪ್ ಒಂದೇ ಸಮ ಇಟ್ಟು ಇನ್ನೊಮ್ಮೆ ಓಡಿಸಿ, ಎರಡೂ ಹೊಂದುತ್ತವಾ ನೋಡಿ. ಹೊಂದದ ಬೆಲೆ ಎಷ್ಟೇ ನಯವಾಗಿ ಕಂಡರೂ ಬೋಲ್ಟ್‌ನ ಗಾತ್ರವನ್ನು ಅದರ ಮೇಲೆ ನಿರ್ಧರಿಸಬೇಡಿ.